ಊರಿನ ಸುತ್ತ ಎಳೆದ ಗೆರೆ: ಒರೆಗಾನ್‌ನಲ್ಲಿ ನಗರದ ಗಡಿ ಹೇಗೆ ಸರಿಯುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದ ಪಶ್ಚಿಮಕ್ಕಿರುವ ವಾಷಿಂಗ್ಟನ್ ಕೌಂಟಿಯಲ್ಲಿ ಕನ್ನಡದ ಮನೆಗಳು ಕಡಿಮೆಯೇನಿಲ್ಲ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ. ಊರಿನಿಂದ ಅಪ್ಪ ಅಮ್ಮ ಬಂದ ಮೊದಲ ವಾರದಲ್ಲೇ ಈ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸಂಜೆ ವಾಕಿಂಗ್ ಹೊರಟು ಬಡಾವಣೆಯ ಕೊನೆಯ ರಸ್ತೆ ಮುಟ್ಟಿದರೆ, ಈಚೆ ಬದಿಯಲ್ಲಿ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಮೂರಂತಸ್ತಿನ ಮನೆಗಳು, ಆಚೆ ಬದಿಯಲ್ಲಿ ಕಣ್ಣು ಹಾಯುವವರೆಗೆ ಹುಲ್ಲಿನ ಬೀಜದ ಹೊಲ. ನಡುವೆ ಒಂದು ತಂತಿ ಬೇಲಿ, ಅಷ್ಟೆ. ನಮ್ಮ ತಂದೆ ಆ ಬೇಲಿಯ ಹತ್ತಿರ ನಿಂತು ಬಹಳ ಹೊತ್ತು ನೋಡಿ, "ಇಷ್ಟು ಒಳ್ಳೆಯ ಜಾಗ, ಇನ್ನೂ ಸೈಟು ಮಾಡಿಲ್ಲವಲ್ಲ. ಕೋರ್ಟಿನಲ್ಲಿದೆಯೇನಪ್ಪಾ?" ಎಂದರು. ಕೋರ್ಟಿನಲ್ಲಿರಲಿಲ್ಲ. ಆದರೆ ಅವರಿಗೆ ಸರಿಯಾದ ಉತ್ತರ ಕೊಡಲು ನನಗೆ ಆ ದಿನ ಆಗಲಿಲ್ಲ. ಆಮೇಲೆ ಓದಿ, ಗಡಿಯ ಬಗ್ಗೆ ನಡೆಯುವ ಸಾರ್ವಜನಿಕ ವಿಚಾರಣೆಗಳಿಗೆ ಹೋಗಿ ಕುಳಿತು, ಕೇಳಿದವರಿಗೆಲ್ಲ ಹೇಳುತ್ತಾ ಬಂದದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಈ ಗೆರೆ ಎಂದರೆ ನಿಜವಾಗಿ ಏನು?

ಅರ್ಬನ್ ಗ್ರೋತ್ ಬೌಂಡರಿ, ಚಿಕ್ಕದಾಗಿ ಯುಜಿಬಿ. ಕನ್ನಡದಲ್ಲಿ ನಗರ ಬೆಳವಣಿಗೆಯ ಗಡಿ ಎನ್ನೋಣ. ನಕ್ಷೆಯ ಮೇಲೆ ಪ್ರತಿ ಊರಿನ ಸುತ್ತ ಎಳೆದ ಕಾನೂನಿನ ಗೆರೆ ಇದು. ಇದರ ಒಳಗೆ ಬಡಾವಣೆ, ಅಂಗಡಿ, ಕಾರ್ಖಾನೆ, ಒಳಚರಂಡಿ. ಹೊರಗೆ ಹೊಲ, ಕಾಡು, ಅಲ್ಲೊಂದು ಇಲ್ಲೊಂದು ಒಂಟಿ ಮನೆ. ಒರೆಗಾನ್ ರಾಜ್ಯದ 241 ನಗರಗಳಲ್ಲಿ ಯಾವುದೂ ಇದರಿಂದ ಹೊರತಲ್ಲ. ನೂರಿನ್ನೂರು ಜನರಿರುವ ಪುಟ್ಟ ಊರಿಗೂ ಗೆರೆ ಇದೆ.

ಇದನ್ನು ಗೋಡೆ ಎಂದು ತಿಳಿಯುವವರೇ ಹೆಚ್ಚು. ಗೋಡೆಯಲ್ಲ, ಸರಿಯುತ್ತದೆ. ಆದರೆ ಯಾರೋ ಬಲ್ಲಿದರು ಕೇಳಿದರೆಂದು ಸರಿಯುವುದಿಲ್ಲ. ಜಾಗ ಸಾಲದು ಎನ್ನುವವರು ಮೊದಲು ಲೆಕ್ಕ ಒಪ್ಪಿಸಬೇಕು. ಈ ಪುಟದಲ್ಲಿ ಮುಂದೆ ಬರುವುದೆಲ್ಲ ಆ ಲೆಕ್ಕದ ಕಥೆಯೇ.

ಯಾರು ತಂದರು, ಏಕೆ ತಂದರು?

1973ರಲ್ಲಿ ಒರೆಗಾನ್ ಶಾಸನಸಭೆ ಸೆನೆಟ್ ಬಿಲ್ 100 ಎಂಬ ಕಾಯ್ದೆಯನ್ನು ಅಂಗೀಕರಿಸಿತು. ಆಗ ರಾಜ್ಯಪಾಲರಾಗಿದ್ದವರು ಟಾಮ್ ಮೆಕಾಲ್. ಇಲ್ಲಿನ ರಾಜ್ಯಪಾಲರೆಂದರೆ ನಮ್ಮ ಮುಖ್ಯಮಂತ್ರಿಯ ಜಾಗದಲ್ಲಿರುವ ಚುನಾಯಿತ ನಾಯಕ. ಕಡಲತೀರದಲ್ಲಿ ಏಳುತ್ತಿದ್ದ ವಸತಿ ಸಮುಚ್ಚಯಗಳು, ಪೂರ್ವದ ಒಣನೆಲದಲ್ಲಿ ನೀರಿಲ್ಲದ ಕಡೆ ಗೆರೆ ಎಳೆದು ಮಾರುತ್ತಿದ್ದ ನಿವೇಶನಗಳು, ವಿಲಾಮೆಟ್ ಕಣಿವೆಯ ಫಲವತ್ತಾದ ಮಣ್ಣನ್ನು ನುಂಗುತ್ತಿದ್ದ ಉಪನಗರಗಳು, ಈ ಮೂರರ ಮೇಲೂ ಅವರಿಗೆ ಕೋಪವಿತ್ತು. ಆದರೆ ಕಾಯ್ದೆಯನ್ನು ಹೊತ್ತು ತಿರುಗಿದವರಲ್ಲಿ ಮುಖ್ಯರಾದ ಹೆಕ್ಟರ್ ಮ್ಯಾಕ್‌ಫರ್ಸನ್ ಹೈನುಗಾರಿಕೆ ಮಾಡುತ್ತಿದ್ದ ರೈತ, ಸೆನೆಟರ್. ಪೇಟೆಯ ಪರಿಸರವಾದಿಗಳು ರೈತರ ತಲೆಗೆ ಕಟ್ಟಿದ ಕಾನೂನು ಇದು ಎಂದು ಇವತ್ತಿಗೂ ಕೆಲವರು ಹೇಳುತ್ತಾರೆ. ಮೂಲದಲ್ಲಿ ಅದು ಅರ್ಧಸತ್ಯ.

ಕಾಯ್ದೆಯಿಂದ ಹುಟ್ಟಿದ್ದು ಏಳು ಸದಸ್ಯರ ಭೂ ಸಂರಕ್ಷಣೆ ಮತ್ತು ಅಭಿವೃದ್ಧಿ ಆಯೋಗ. ಆಯೋಗ ರೂಪಿಸಿದ ರಾಜ್ಯಮಟ್ಟದ ಗುರಿಗಳು ಈಗ 19 ಇವೆ. ಮೂರನೆಯದು ಕೃಷಿಭೂಮಿಯನ್ನು ಉಳಿಸುವುದು, ಹತ್ತನೆಯದು ವಸತಿ, ಹದಿನಾಲ್ಕನೆಯದು ನಗರೀಕರಣ. ಗಡಿಯ ಜಗಳವೆಲ್ಲ ಮೂರು, ಹತ್ತು, ಹದಿನಾಲ್ಕರ ನಡುವಿನ ಎಳೆದಾಟ.

ಗಡಿಯೊಳಗೆ ಬಂದರೆ ನಗರಸಭೆಯ ವ್ಯಾಪ್ತಿಗೆ ಬಂದಂತೆಯೇ?

ಅಲ್ಲ. ನಗರದ ಆಡಳಿತ ವ್ಯಾಪ್ತಿ ಬೇರೆ, ಬೆಳವಣಿಗೆಯ ಗಡಿ ಬೇರೆ. ನಮ್ಮವರು ಬಹಳ ಮಂದಿ ವಾಸಿಸುವ ಬೆಥನಿ ಗಡಿಯೊಳಗಿದೆ, ಆದರೆ ಯಾವ ನಗರಕ್ಕೂ ಸೇರಿಲ್ಲ. ಅಲ್ಲಿ ಆಡಳಿತ ನಡೆಸುವುದು ಕೌಂಟಿ.

ಗಡಿ ಸರಿಸಬೇಕೆಂದರೆ ನಗರ ಮೊದಲು ಏನು ಮಾಡಬೇಕು?

ಅಗತ್ಯವನ್ನು ಸಾಬೀತು ಮಾಡಬೇಕು. ಮುಂದಿನ 20 ವರ್ಷಕ್ಕೆ ಬೇಕಾಗುವಷ್ಟು ಜಾಗ ಗಡಿಯೊಳಗೆ ಇರಬೇಕೆಂಬುದು ನಿಯಮ. ಇದು ಎರಡೂ ಕಡೆ ಹರಿತವಿರುವ ಕತ್ತಿ. ಇಪ್ಪತ್ತು ವರ್ಷಕ್ಕೆ ಸಾಲದಷ್ಟು ಕಡಿಮೆ ಇಟ್ಟುಕೊಳ್ಳುವಂತಿಲ್ಲ, ಐವತ್ತು ವರ್ಷಕ್ಕೆ ಆಗುವಷ್ಟನ್ನು ಬಾಚಿಕೊಳ್ಳುವಂತೆಯೂ ಇಲ್ಲ.

ಜನಸಂಖ್ಯೆ ಎಷ್ಟಾಗುತ್ತದೆ ಎಂಬುದನ್ನು ನಗರ ತನಗೆ ಬೇಕಾದಂತೆ ಹೇಳಲೂ ಆಗದು. ಮೊದಲು ಪ್ರತಿ ಊರೂ ತನ್ನದೇ ಅಂದಾಜು ತಂದು ಜಗಳವಾಡುತ್ತಿತ್ತು. 2013ರ ಕಾಯ್ದೆಯ ನಂತರ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಜನಸಂಖ್ಯಾ ಸಂಶೋಧನಾ ಕೇಂದ್ರ ಕೊಡುವ ಅಂಕಿಯೇ ಅಧಿಕೃತ. ಪೋರ್ಟ್‌ಲ್ಯಾಂಡ್ ಮಹಾನಗರ ಪ್ರದೇಶ ಮಾತ್ರ ತನ್ನ ಅಂದಾಜನ್ನು ತಾನೇ ಮಾಡಿಕೊಳ್ಳುತ್ತದೆ. ಈಚೆಗೆ ಎಷ್ಟು ಮನೆ ಬೇಕೆಂಬುದನ್ನೂ ರಾಜ್ಯವೇ ಲೆಕ್ಕಹಾಕಿ ದೊಡ್ಡ ನಗರಗಳಿಗೆ ಹಂಚುವ ಪದ್ಧತಿ ಬಂದಿದೆ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಅತ್ಯಂತ ಒಳ್ಳೆಯ ಸುಧಾರಣೆ ಇದು: ಬೇಡುವವನ ಕೈಯಲ್ಲೇ ತಕ್ಕಡಿ ಇರಬಾರದು.

ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ತೋರಿಸಬಹುದೇ?

ಕಾಲ್ಪನಿಕ ಊರೊಂದನ್ನು ಇಟ್ಟುಕೊಳ್ಳೋಣ. ಈಗ 20,000 ಜನ, ಇಪ್ಪತ್ತು ವರ್ಷಕ್ಕೆ 26,000 ಎಂದು ಅಂದಾಜು. ಹೆಚ್ಚುವ 6,000 ಜನಕ್ಕೆ, ಮನೆಗೆ ಎರಡೂವರೆ ಜನರಂತೆ, 2,400 ಮನೆ ಬೇಕು. ಈಗ ಊರೊಳಗಿನ ಖಾಲಿ ಜಾಗ ಎಣಿಸಬೇಕು. ಪ್ರವಾಹ ಬರುವ ತಗ್ಗು, ಶೇಕಡಾ 25ಕ್ಕಿಂತ ಹೆಚ್ಚು ಇಳಿಜಾರು, ಸಂರಕ್ಷಿತ ಜೌಗು ಇವನ್ನು ಬಿಡಬಹುದು. ಉಳಿದ ಖಾಲಿ ನಿವೇಶನಗಳ ಜೊತೆಗೆ, ದೊಡ್ಡ ಅಂಗಳದಲ್ಲಿ ಒಂದೇ ಹಳೆಯ ಮನೆ ಇರುವಂಥ ಮತ್ತೆ ಕಟ್ಟಬಹುದಾದ ಜಾಗಗಳನ್ನೂ ಲೆಕ್ಕಕ್ಕೆ ತರಬೇಕು. ಹೀಗೆ 1,500 ಮನೆಗೆ ಒಳಗೇ ಜಾಗ ಸಿಕ್ಕಿತೆನ್ನಿ. ಉಳಿದದ್ದು 900. ಎಕರೆಗೆ ಆರು ಮನೆಯಂತೆ 150 ಎಕರೆ. ರಸ್ತೆ, ಶಾಲೆ, ಉದ್ಯಾನಕ್ಕೆಂದು ಅದರ ಮೇಲೆ ಶೇಕಡಾ 25 ಸೇರಿಸಿಕೊಳ್ಳಲು ನಿಯಮವೇ ಅವಕಾಶ ಕೊಡುತ್ತದೆ. ಒಟ್ಟು 187 ಎಕರೆ ಚಿಲ್ಲರೆ. ಕಾರ್ಖಾನೆ ಮತ್ತು ಉದ್ಯೋಗದ ಜಾಗಕ್ಕೆ ಬೇರೆಯದೇ ಲೆಕ್ಕ.

ಕಾಗದದ ಮೇಲೆ ಮೂರನೆಯ ತರಗತಿಯ ಗಣಿತ. ವಿಚಾರಣೆಯಲ್ಲಿ ಇದೇ ಮೂರು ವರ್ಷ ಹಿಡಿಯುತ್ತದೆ. ಏಕೆಂದರೆ ಆರರ ಬದಲು ಎಂಟು ಮನೆ ಎಂದರೆ ಬೇಕಾದ ಜಮೀನು 140 ಎಕರೆಗೆ ಇಳಿಯುತ್ತದೆ. ಯಾರದೋ 47 ಎಕರೆ ಹೊಲದ ಬೆಲೆ ಆ ಆರು ಮತ್ತು ಎಂಟರ ನಡುವೆ ನಿಂತಿರುತ್ತದೆ.

ಊರೊಳಗೇ ಒತ್ತೊತ್ತಾಗಿ ಕಟ್ಟಿ ಎಂದು ರಾಜ್ಯ ಹೇಳಬಹುದೇ?

ಹೇಳಬಹುದು, ಹೇಳಿದೆ. ಗಡಿ ದಾಟುವ ಮೊದಲು, ಎಲ್ಲಿ ಏನು ಕಟ್ಟಬಹುದೆಂದು ಹೇಳುವ ಒಳಗಿನ ವಲಯ ನಿಯಮಗಳನ್ನು ಸಡಿಲಿಸಿ ಜಾಗ ಹುಟ್ಟಿಸಲು ಸಾಧ್ಯವೇ ಎಂದು ನಗರ ನೋಡಲೇಬೇಕು. 2019ರಲ್ಲಿ ಇನ್ನೂ ದೊಡ್ಡ ಹೆಜ್ಜೆ ಇಟ್ಟರು. ಜನಸಂಖ್ಯೆ 10,000 ಮೀರಿದ ನಗರಗಳಲ್ಲಿ ಒಂಟಿ ಮನೆ ಕಟ್ಟಬಹುದಾದ ವಸತಿ ನಿವೇಶನದಲ್ಲಿ ಜೋಡಿ ಮನೆಗೂ ಅವಕಾಶ ಕೊಡಬೇಕು. 25,000 ಮೀರಿದ ನಗರಗಳು ಮತ್ತು ಪೋರ್ಟ್‌ಲ್ಯಾಂಡ್ ಪ್ರದೇಶದ ನಗರಗಳ ವಸತಿ ವಲಯಗಳಲ್ಲಿ ನಾಲ್ಕು ಮನೆಗಳ ಕಟ್ಟಡದವರೆಗೂ ಬಿಡಬೇಕು. ಅಮೆರಿಕದಲ್ಲಿ ಇಡೀ ರಾಜ್ಯಕ್ಕೆ ಹೀಗೆ ಮಾಡಿದ ಮೊದಲ ಕಾಯ್ದೆಗಳಲ್ಲಿ ಇದೊಂದು. ಒಂದೇ ನಿವೇಶನದಲ್ಲಿ ಕೆಳಗೆ ತಾವು, ಮೇಲೆ ಬಾಡಿಗೆಯವರು ಎಂದು ಬೆಳೆದ ನಮಗೆ ಇದು ಸುದ್ದಿಯೇ ಅಲ್ಲ. ಇಲ್ಲಿ ಮಾತ್ರ ಮಹಾಯುದ್ಧವಾಗಿತ್ತು.

ಜಾಗ ಸಾಲದು ಎಂದು ಸಾಬೀತಾಯಿತು. ಈಗ ಯಾವ ದಿಕ್ಕಿಗೆ ಸರಿಯಬೇಕೆಂದು ಯಾರು ತೀರ್ಮಾನಿಸುತ್ತಾರೆ?

ನಗರವೇ ತೀರ್ಮಾನಿಸುತ್ತದೆ, ಆದರೆ ಕಾನೂನು ಹಾಕಿಕೊಟ್ಟ ಸಾಲಿನಲ್ಲಿ. ಈ ನಿಯಮದ ಜೀವ ಇರುವುದು ಇಲ್ಲಿ.

ಮೊದಲು ಅಧ್ಯಯನ ಪ್ರದೇಶ. ಪೋರ್ಟ್‌ಲ್ಯಾಂಡ್ ಪ್ರದೇಶದ ಹೊರಗಿನ, 10,000ಕ್ಕಿಂತ ಕಡಿಮೆ ಜನರಿರುವ ಊರಾದರೆ ಈಗಿನ ಗಡಿಯಿಂದ ಅರ್ಧ ಮೈಲಿಯೊಳಗಿನ ಎಲ್ಲ ಜಮೀನನ್ನೂ ಪರಿಶೀಲಿಸಬೇಕು, ದೊಡ್ಡ ಊರಾದರೆ ಒಂದು ಮೈಲಿ. ಕೆಲವು ಕಡೆ ಇನ್ನೂ ಸ್ವಲ್ಪ ದೂರ. "ಆ ರೈತ ಮಾರಲು ತಯಾರಿದ್ದಾನೆ, ಆದ್ದರಿಂದ ಆ ಕಡೆ ಹೋಗೋಣ" ಎನ್ನುವುದಕ್ಕೆ ಇಲ್ಲೇ ಕತ್ತರಿ.

ಆಮೇಲೆ ಸರದಿ. ಮೊದಲು ಭವಿಷ್ಯದ ನಗರಕ್ಕೆಂದು ಈಗಾಗಲೇ ಗುರುತು ಹಾಕಿಟ್ಟ ಮೀಸಲು ಜಮೀನು. ಅದರ ಜೊತೆಗೆ, ಕೃಷಿಯ ರಕ್ಷಣೆಯಿಂದ ಹೊರಗಿಟ್ಟ ಹಳ್ಳಿಮನೆಗಳ ಪ್ರದೇಶ, ಅಂದರೆ 1970ರ ದಶಕದ ಹೊತ್ತಿಗೇ ಎರಡೆಕರೆ, ಐದೆಕರೆ ತುಂಡುಗಳಾಗಿ ಮನೆಗಳೆದ್ದಿದ್ದ ಜಾಗ. ಅದೂ ಸಾಲದಿದ್ದರೆ ಮಾತ್ರ ಹೊಲ ಮತ್ತು ಕಾಡು, ಅದರಲ್ಲೂ ಕೆಟ್ಟ ಮಣ್ಣಿನದು ಮೊದಲು, ಒಳ್ಳೆಯ ಮಣ್ಣಿನದು ಕಟ್ಟಕಡೆಗೆ. ಮಣ್ಣನ್ನು ಒಂದರಿಂದ ಎಂಟರವರೆಗೆ ದರ್ಜೆ ಹಾಕಿದ ಸರ್ಕಾರಿ ನಕ್ಷೆಗಳಿವೆ. ಒಂದನೆಯ ಮತ್ತು ಎರಡನೆಯ ದರ್ಜೆಯ ಮಣ್ಣಿಗೆ ಕೈಹಾಕುವುದೆಂದರೆ ಬೇರೆಲ್ಲ ಬಾಗಿಲೂ ಮುಚ್ಚಿದ ಮೇಲೆ.

ಕೇಳಲು ನ್ಯಾಯವಾಗಿದೆ. ನೆಲದ ಮೇಲೆ ನಿಂತು ನೋಡಿದರೆ ತೊಡಕು ಕಾಣುತ್ತದೆ. ಐದೆಕರೆ ತುಂಡುಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಮಾಲೀಕ, ಪ್ರತಿಯೊಂದರ ನಡುವೆಯೂ ಒಂದು ದೊಡ್ಡ ಮನೆ, ಕುದುರೆ ಲಾಯ, ವಂಕಿವಂಕಿಯಾಗಿ ಒಳಹೋಗುವ ಖಾಸಗಿ ದಾರಿ. ಸಾಮಾನ್ಯವಾಗಿ ಗುಡ್ಡದ ಓರೆ. ಅಲ್ಲಿ ಬಡಾವಣೆ ಮಾಡಲು ಮೂವತ್ತು ಜನರ ಸಹಿ ಬೇಕು, ಅವರಲ್ಲಿ ಇಪ್ಪತ್ತು ಜನ ಊರಿನ ಗದ್ದಲ ಬೇಡವೆಂದೇ ಅಲ್ಲಿಗೆ ಹೋದವರು. ಪಕ್ಕದಲ್ಲೇ ಒಬ್ಬನೇ ಮಾಲೀಕನ 200 ಎಕರೆ ಸಪಾಟು ಹೊಲ. ಕಟ್ಟುವವರ ಕಣ್ಣು ಹೊಲದ ಮೇಲೆ, ಕಾನೂನಿನ ಬೆರಳು ಗುಡ್ಡದ ಕಡೆಗೆ. ಒರೆಗಾನ್‌ನ ಗಡಿ ವಿವಾದಗಳಲ್ಲಿ ಅರ್ಧಕ್ಕರ್ಧ ಈ ಒಂದು ಚಿತ್ರದಲ್ಲಿ ಅಡಗಿದೆ. ಒಳ್ಳೆಯ ಮಣ್ಣು ಒಮ್ಮೆ ಕಾಂಕ್ರೀಟಿನಡಿ ಹೋದರೆ ಮತ್ತೆ ಸಿಗುವುದಿಲ್ಲವಾದ್ದರಿಂದ ನಾನು ಕಾನೂನಿನ ಕಡೆಗೇ ವಾಲುತ್ತೇನೆ, ಆದರೆ ಆ ಕಡೆ ವಾಲುವುದಕ್ಕೆ ಬೆಲೆ ಇದೆ ಎಂಬುದನ್ನು ಮುಚ್ಚಿಡಬಾರದು.

ಒಂದೇ ದರ್ಜೆಯಲ್ಲಿ ಬೇಕಾದುದಕ್ಕಿಂತ ಹೆಚ್ಚು ಜಮೀನಿದ್ದರೆ ನಾಲ್ಕು ವಿಷಯ ತೂಗಬೇಕು: ಅಗತ್ಯ ಎಷ್ಟು ಅಚ್ಚುಕಟ್ಟಾಗಿ ಈಡೇರುತ್ತದೆ, ನೀರು ಮತ್ತು ಒಳಚರಂಡಿ ಎಷ್ಟು ಖರ್ಚಿನಲ್ಲಿ ಬರುತ್ತದೆ, ಪರಿಸರ, ಇಂಧನ, ಹಣಕಾಸು, ಸಮಾಜದ ಮೇಲೆ ಏನಾಗುತ್ತದೆ, ಮತ್ತು ಹೊರಗೆ ಉಳಿಯುವ ಹೊಲದ ಕೆಲಸದೊಂದಿಗೆ ಹೊಸ ಮನೆಗಳು ಹೊಂದಿಕೊಳ್ಳುತ್ತವೆಯೇ. ಕೊನೆಯದು ಸಣ್ಣ ವಿಷಯವಲ್ಲ. ಜುಲೈ ತಿಂಗಳಲ್ಲಿ ಹುಲ್ಲಿನ ಬೀಜದ ಕಟಾವಿಗೆ ಯಂತ್ರ ಇಳಿದರೆ ಅದರ ಹೊಟ್ಟು ಹಾರಿ ಬಂದು ನಮ್ಮ ಕಿಟಕಿಯ ಜಾಲರಿಗೆ ಮೆತ್ತಿಕೊಳ್ಳುತ್ತದೆ, ರಾತ್ರಿ ಹತ್ತಕ್ಕೂ ಗಿರಗಿರ ಸದ್ದು ಕೇಳುತ್ತದೆ. ದೂರು ಕೊಡುವಂತಿಲ್ಲ. ವಾಡಿಕೆಯ ಬೇಸಾಯದಿಂದ ತೊಂದರೆಯಾಯಿತೆಂದು ರೈತನ ಮೇಲೆ ದಾವೆ ಹೂಡದಂತೆ ತಡೆಯುವ ಕಾನೂನೂ ಇಲ್ಲಿದೆ.

ಮೀಸಲು ಜಮೀನು ಎಂದಿರಲ್ಲ, ಅದೇನು?

ಪೋರ್ಟ್‌ಲ್ಯಾಂಡ್ ಪ್ರದೇಶದಲ್ಲಿ ಪ್ರತಿ ಬಾರಿಯೂ ಜಗಳ ಮೊದಲಿನಿಂದ ಶುರುವಾಗುವುದನ್ನು ಕಂಡು ಬೇಸತ್ತು 2007ರಲ್ಲಿ ಹೊಸ ಕಾಯ್ದೆ ಮಾಡಿದರು. ಮುಂದಿನ ಐವತ್ತು ವರ್ಷ ಊರು ಬೆಳೆಯುವುದಾದರೆ ಎಲ್ಲಿಗೆ ಎಂದು ಈಗಲೇ ಗುರುತಿಸಿ, ಸುಮಾರು 28,000 ಎಕರೆಯನ್ನು ನಗರ ಮೀಸಲು ಎಂದರು. ಎಲ್ಲಿಗೆ ಬೆಳೆಯಬಾರದು ಎಂದು ಸುಮಾರು 2,67,000 ಎಕರೆಯನ್ನು ಗ್ರಾಮೀಣ ಮೀಸಲು ಎಂದರು. ಎರಡನೆಯದರಲ್ಲಿ ಜಮೀನಿರುವ ರೈತ ನೆಮ್ಮದಿಯಾಗಿ ಹೇಝಲ್‌ನಟ್ ಗಿಡ ನೆಡಬಹುದು. ಮಗನ ಕಾಲಕ್ಕೂ ಅದು ಹೊಲವೇ.

ಅಷ್ಟು ಸುಲಭವಾಗಿ ಮುಗಿಯಲಿಲ್ಲ. 2014ರ ಫೆಬ್ರುವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಈ ಗುರುತುಗಳಲ್ಲಿ ದೋಷ ಕಂಡು ವಾಪಸು ಕಳಿಸಿತು. ಹೊಲಗಳೂ ಕಟ್ಟಡಗಳೂ ಒಟ್ಟಿಗೆ ಅತಂತ್ರವಾದವು. ಕೆಲವೇ ವಾರಗಳಲ್ಲಿ ಶಾಸನಸಭೆಯೇ ಮಧ್ಯೆ ಬಂದು, ವಾಷಿಂಗ್ಟನ್ ಕೌಂಟಿಯ ನಕ್ಷೆಯನ್ನು ತಾನೇ ಬರೆದು ಕಾನೂನು ಮಾಡಿಬಿಟ್ಟಿತು. ಒಂದಿಷ್ಟು ಜಮೀನು ಗಡಿಯೊಳಗೆ, ಒಂದಿಷ್ಟು ಗ್ರಾಮೀಣ ಮೀಸಲಿಗೆ. ಎಲ್ಲ ಪಕ್ಷದವರೂ ಸ್ವಲ್ಪ ಗೊಣಗುತ್ತಾ ಒಪ್ಪಿದ ಈ ಕೊಡುಕೊಳ್ಳುವಿಕೆಯನ್ನು ಇಲ್ಲಿ 'ಗ್ರ್ಯಾಂಡ್ ಬಾರ್ಗೇನ್' ಎಂದು ಕರೆಯುತ್ತಾರೆ.

ಯಾರ ಯಾರ ಒಪ್ಪಿಗೆ ಬೇಕು?

ನಗರ ಮತ್ತು ಕೌಂಟಿ ಎರಡೂ ಅಂಗೀಕರಿಸಬೇಕು. ಮೊದಲ ವಿಚಾರಣೆಗೆ 35 ದಿನ ಮುಂಚೆ ರಾಜ್ಯದ ಇಲಾಖೆಗೆ ತಿಳಿಸಬೇಕು. 2,500 ಜನ ಅಥವಾ ಹೆಚ್ಚಿರುವ ನಗರ 50 ಎಕರೆಗಿಂತ ಹೆಚ್ಚು ಸೇರಿಸಿಕೊಂಡರೆ, ಪೋರ್ಟ್‌ಲ್ಯಾಂಡ್ ಪ್ರದೇಶದಲ್ಲಿ 100 ಎಕರೆ ದಾಟಿದರೆ, ರಾಜ್ಯದ ಆಯೋಗವೇ ಪರಿಶೀಲಿಸುತ್ತದೆ. ಅದಕ್ಕಿಂತ ಸಣ್ಣದಕ್ಕೆ ತಕರಾರಿದ್ದರೆ 1979ರಲ್ಲಿ ಸ್ಥಾಪಿಸಿದ ಭೂಬಳಕೆ ಮೇಲ್ಮನವಿ ಮಂಡಳಿಗೆ ಹೋಗಬೇಕು. ಭೂಬಳಕೆ ತಕರಾರುಗಳಿಗೆಂದೇ ಇರುವ ಮೂವರು ಸದಸ್ಯರ ಮಂಡಳಿ ಅದು.

ಪೋರ್ಟ್‌ಲ್ಯಾಂಡ್ ಪ್ರದೇಶಕ್ಕೆ ಬೇರೆ ನಿಯಮ ಏಕೆ?

ಅಲ್ಲಿ 24 ನಗರಗಳಿಗೆ ಸೇರಿ ಒಂದೇ ಗೆರೆ. ಮೂರು ಕೌಂಟಿಗಳಲ್ಲಿ ಹರಡಿದ, ಸುಮಾರು 400 ಚದರ ಮೈಲಿಯ ಈ ಗಡಿಯನ್ನು ಕಾಯುವುದು ಮೆಟ್ರೊ ಎಂಬ ಪ್ರಾದೇಶಿಕ ಸರ್ಕಾರ. ಹೆಸರು ಕೇಳಿ ರೈಲು ಎಂದುಕೊಳ್ಳಬೇಡಿ. ಜನರೇ ನೇರವಾಗಿ ಆರಿಸಿದ ಅಧ್ಯಕ್ಷರು ಮತ್ತು ಆರು ಸದಸ್ಯರು ಇದಕ್ಕಿದ್ದಾರೆ. ಆರು ವರ್ಷಕ್ಕೊಮ್ಮೆ ಮೆಟ್ರೊ ಜಾಗದ ಲೆಕ್ಕ ತೆಗೆದು ಗಡಿ ಸರಿಸಬೇಕೇ ಬೇಡವೇ ಎಂದು ತೀರ್ಮಾನಿಸಬೇಕು. 2018ರ ಡಿಸೆಂಬರಿನಲ್ಲಿ ಬೀವರ್ಟನ್, ಹಿಲ್ಸ್‌ಬರೊ, ಕಿಂಗ್ ಸಿಟಿ, ವಿಲ್ಸನ್‌ವಿಲ್ ನಗರಗಳ ಬಳಿ ಒಟ್ಟು 2,181 ಎಕರೆ ಸೇರಿಸಿತು, ಅಂದಾಜು 9,200 ಮನೆಗಳಿಗೆ. 2024ರ ಡಿಸೆಂಬರಿನಲ್ಲಿ ಶೆರ್‌ವುಡ್ ಪಶ್ಚಿಮದ ಸುಮಾರು 1,300 ಎಕರೆಗೆ ಒಪ್ಪಿಗೆ ಕೊಟ್ಟಿತು.

ನಗರ ಕೇಳಿದ್ದನ್ನು ರಾಜ್ಯ ಬೇಡವೆಂದದ್ದು ಉಂಟೇ?

ಧಾರಾಳವಾಗಿ. ಬೆಂಡ್ ನಗರದ ಕಥೆ ಕೇಳಿ. ರಾಜ್ಯದ ನಡುಭಾಗದಲ್ಲಿ, ಬೆಟ್ಟದ ಆಚೆಯ ಒಣನೆಲದಲ್ಲಿರುವ ಈ ಊರು ದಿಢೀರನೆ ಬೆಳೆಯಿತು. 2009ರ ಹೊತ್ತಿಗೆ 8,000 ಎಕರೆಗೂ ಹೆಚ್ಚು ಬೇಕೆಂದು ಕೇಳಿತು. ಊರೊಳಗೆ ಎಷ್ಟು ಹಿಡಿಸಬಹುದೆಂದು ಸರಿಯಾಗಿ ನೋಡಿಲ್ಲ ಎಂದು 2010ರಲ್ಲಿ ಆಯೋಗ ಕಡತವನ್ನು ಹಿಂದಿರುಗಿಸಿತು. ನಗರ ಮತ್ತೆ ಕೂತು ಎಣಿಸಿತು. 2016ರಲ್ಲಿ ಒಪ್ಪಿಗೆಯಾದದ್ದು 2,380 ಎಕರೆ. ಮೊದಲ ಬೇಡಿಕೆಯ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ.

ಇದನ್ನೇ ಕೆಲವರು ವ್ಯವಸ್ಥೆಯ ಗೆಲುವೆಂದೂ ಕೆಲವರು ಏಳು ವರ್ಷ ಹಾಳಾಯಿತೆಂದೂ ಹೇಳುತ್ತಾರೆ. ಎರಡೂ ನಿಜ. ಮೆಕ್‌ಮಿನ್‌ವಿಲ್ ನಗರ 2003ರಲ್ಲಿ ಶುರುಮಾಡಿದ ವಿಸ್ತರಣೆ, ನಡುವೆ ನ್ಯಾಯಾಲಯದಲ್ಲಿ ಬಿದ್ದು, 2020ರಲ್ಲಿ ಮುಗಿಯಿತು. ಇಪ್ಪತ್ತು ವರ್ಷದ ಯೋಜನೆ ಮಾಡಲು ಹದಿನೇಳು ವರ್ಷ! ಇಂಥ ಎಳೆದಾಟ ತಪ್ಪಿಸಲೆಂದೇ 2013ರಲ್ಲಿ ಸರಳ ವಿಧಾನವೊಂದನ್ನು ಕಾಯ್ದೆಗೆ ಸೇರಿಸಿದರು. 20 ವರ್ಷದ ಬದಲು 14 ವರ್ಷಕ್ಕೆ, ಸಿದ್ಧ ಸೂತ್ರಗಳ ಮೇಲೆ ಲೆಕ್ಕ. ಸರಳ ಎಂಬ ಹೆಸರಿನ ಆ ನಿಯಮಗಳನ್ನು ಓದಲು ಕುಳಿತರೆ ಮಾತ್ರ ಒಂದು ಭಾನುವಾರ ಪೂರ್ತಿ ಬೇಕು.

ಗೆರೆ ಸರಿದರೆ ಮನೆಗಳು ಬಂದುಬಿಡುತ್ತವೆಯೇ?

ಇಲ್ಲ. ನನ್ನನ್ನು ಕೇಳಿದರೆ ಈ ಪುಟದಲ್ಲಿ ಒಂದೇ ಉತ್ತರ ಓದುವವರು ಇದನ್ನು ಓದಬೇಕು.

2002ರಲ್ಲಿ ಮೆಟ್ರೊ ತನ್ನ ಇತಿಹಾಸದಲ್ಲೇ ಅತಿ ದೊಡ್ಡ ವಿಸ್ತರಣೆ ಮಾಡಿತು, 18,000 ಎಕರೆಗೂ ಮೀರಿ. ಅದರ ದೊಡ್ಡ ಪಾಲು ಪೂರ್ವದ ಡಮಾಸ್ಕಸ್ ಎಂಬ ಊರಿನ ಸುತ್ತಮುತ್ತ. ಸರದಿಯ ನಿಯಮ ತೋರಿಸಿದ ಜಾಗವೇ ಅದು: ಗುಡ್ಡ, ತೊರೆ, ಐದೆಕರೆ ತುಂಡುಗಳು. ಅಲ್ಲಿನ ಜನ 2004ರಲ್ಲಿ ತಾವೇ ಒಂದು ನಗರ ಮಾಡಿಕೊಂಡರು, ಅರ್ಧ ಪಾಲು ಬೇರೆಯವರು ತಮ್ಮನ್ನು ನುಂಗದಿರಲೆಂದು. ಆದರೆ ಹೇಗೆ ಬೆಳೆಯಬೇಕೆಂಬ ಯೋಜನೆಗೆ ಬಹುಮತ ಸಿಗಲೇ ಇಲ್ಲ. ಒಳಚರಂಡಿಗೆ ಯಾರು ಹಣ ಕೊಡಬೇಕೆಂಬುದು ಬಗೆಹರಿಯಲಿಲ್ಲ. 2016ರಲ್ಲಿ ಜನ ಮತ ಹಾಕಿ ನಗರವನ್ನೇ ವಿಸರ್ಜಿಸಿದರು. ಆ ವಿಸರ್ಜನೆ ಸರಿಯೇ ತಪ್ಪೇ ಎಂಬುದೂ ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇತ್ತ ಪಶ್ಚಿಮದಲ್ಲಿ, ಅದೇ 2002ರಲ್ಲಿ ಗಡಿಯೊಳಗೆ ಬಂದ ಉತ್ತರ ಬೆಥನಿಯಲ್ಲೂ ಮನೆಗಳ ಸಾಲು ಏಳಲು ದಶಕವೇ ಹಿಡಿಯಿತು. ಆದರೆ ಇಲ್ಲಿ ಎದ್ದವು. ಕೊಳವೆ ಬಂತು, ಮನೆ ಬಂತು.

ಪಾಠ ಕಲಿತ ಮೆಟ್ರೊ ಈಗ ಮೊದಲೇ ಯೋಜನೆ ಕೇಳುತ್ತದೆ. ನೀರು ಎಲ್ಲಿಂದ, ರಸ್ತೆಗೆ ಹಣ ಯಾರದು, ಆಡಳಿತ ಯಾವ ನಗರದ್ದು ಎಂದು ಬರೆದು ತಂದ ನಗರಕ್ಕೆ ಮಾತ್ರ ಗೆರೆ ಸರಿಯುತ್ತದೆ.

ಒಮ್ಮೆ ಹೊರಕ್ಕೆ ಸರಿದ ಗೆರೆ ಒಳಕ್ಕೆ ಬರಬಹುದೇ?

ಬರಬಹುದು. 2023ರಲ್ಲಿ ಟೈಗರ್ಡ್ ನಗರಕ್ಕೆ ಸುಮಾರು 500 ಎಕರೆ ಬೇಕಾದಾಗ, ಬೇರೆ ಕಡೆ ಗಡಿಯೊಳಗೆ ಸುಮ್ಮನೆ ಬಿದ್ದಿದ್ದ ಜಮೀನನ್ನು ಹೊರಗೆ ಹಾಕಿ ಅದಲುಬದಲು ಮಾಡಿದರು. ಒಟ್ಟು ಅಳತೆ ಬದಲಾಗದಿದ್ದರೆ ಅಗತ್ಯದ ದೊಡ್ಡ ಲೆಕ್ಕ ಮತ್ತೆ ಬೇಕಿಲ್ಲ.

ಅಡ್ಡದಾರಿಗಳೇ ಇಲ್ಲವೇ?

ಇವೆ, ಇತ್ತೀಚೆಗೆ ಹೆಚ್ಚುತ್ತಿವೆ. ಚಿಪ್ ಕಾರ್ಖಾನೆಗಳನ್ನು ಸೆಳೆಯಲು 2023ರಲ್ಲಿ ಮಾಡಿದ ಕಾಯ್ದೆ, ಎಂಟು ಜಾಗಗಳವರೆಗೆ ನೇರವಾಗಿ ಗಡಿಯೊಳಗೆ ತರುವ ಅಧಿಕಾರವನ್ನು ರಾಜ್ಯಪಾಲರಿಗೆ 2024ರ ಕೊನೆಯವರೆಗೆ ಕೊಟ್ಟಿತ್ತು. ರಾಜ್ಯಪಾಲೆ ಟೀನಾ ಕೋಟೆಕ್ ಹಿಲ್ಸ್‌ಬರೊ ಉತ್ತರದ 373 ಎಕರೆಯ ಮೇಲೆ ಕಣ್ಣಿಟ್ಟಿದ್ದರು. ರೈತರು ವಿರೋಧಿಸಿದರು. ಅಲ್ಲಿಗೆ ಬರಬಹುದೆಂದುಕೊಂಡಿದ್ದ ಚಿಪ್ ಸಂಶೋಧನಾ ಕೇಂದ್ರ ಬರಲಿಲ್ಲ. ಕೊನೆಗೆ ರಾಜ್ಯಪಾಲರೇ ಕೈಬಿಟ್ಟರು. ಇನ್ನೊಂದು 2024ರ ವಸತಿ ಕಾಯ್ದೆ. ಜಾಗದ ಮತ್ತು ಕಡಿಮೆ ಬೆಲೆಯ ಮನೆಯ ಕೊರತೆ ತೋರಿಸಿದ ನಗರ, 25,000 ಜನ ಅಥವಾ ಹೆಚ್ಚಿದ್ದರೆ 100 ಎಕರೆವರೆಗೆ, ಕಡಿಮೆಯಿದ್ದರೆ 50 ಎಕರೆವರೆಗೆ, ಒಂದು ಬಾರಿಗೆ ಮಾತ್ರ ಸುಲಭ ದಾರಿಯಲ್ಲಿ ಸೇರಿಸಿಕೊಳ್ಳಬಹುದು. ಅಲ್ಲಿನ ಮನೆಗಳಲ್ಲಿ ಶೇಕಡಾ 30 ಕಡಿಮೆ ಆದಾಯದವರ ಕೈಗೆಟಕುವಂತಿರಬೇಕು. ಈ ಷರತ್ತು ಇರುವುದರಿಂದ ನನಗೆ ಈ ದಾರಿಯ ಮೇಲೆ ಅಷ್ಟು ಸಿಟ್ಟಿಲ್ಲ.

ಮನೆಗಳ ಬೆಲೆ ಇಷ್ಟೇರಲು ಈ ಗೆರೆಯೇ ಕಾರಣವಲ್ಲವೇ?

ಸಾಲದ ಕಂತು ಕಟ್ಟುವ ದಿನ ನನಗೂ ಹಾಗನಿಸುತ್ತದೆ. ಗೆರೆಯ ಈಚೆಯ ಎಕರೆಗೂ ಆಚೆಯ ಎಕರೆಗೂ ಬೆಲೆಯಲ್ಲಿ ಅಜಗಜಾಂತರವಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಒಳಗೆ ಒಂಟಿ ಮನೆ ಬಿಟ್ಟು ಬೇರೇನೂ ಕಟ್ಟಕೂಡದೆಂದು ದಶಕಗಳ ಕಾಲ ತಡೆದ ವಲಯ ನಿಯಮ, ಕೊಳವೆಗೆ ದುಡ್ಡಿಲ್ಲದೆ ನಿಂತ ವಿಸ್ತರಣೆಗಳು, 2008ರ ಕುಸಿತದ ನಂತರ ಕಟ್ಟುವುದೇ ನಿಂತುಹೋದ ವರ್ಷಗಳು, ಇವೂ ಅಷ್ಟೇ ಪಾಲುದಾರರು. ಇಂಥ ಗೆರೆಯೇ ಇಲ್ಲದ ಎಷ್ಟೋ ಊರುಗಳಲ್ಲೂ ಮನೆ ಕೈಗೆಟಕುವುದಿಲ್ಲ.

ಗಡಿಯ ಪಕ್ಕ ಐದೆಕರೆ ಕೊಂಡಿಟ್ಟರೆ ಹೇಗೆ? ಮುಂದೆ ಒಳಗೆ ಬಂದೇ ಬರುತ್ತದಲ್ಲ?

ಕನ್ನಡಿಗರು ಕೇಳುವ ಪ್ರಶ್ನೆಗಳಲ್ಲಿ ಇದಕ್ಕೇ ಮೊದಲ ಸ್ಥಾನ. ದೇವನಹಳ್ಳಿ ಕಡೆ ಭಾವನವರು ಹಾಗೆ ಮಾಡಿ ಗೆದ್ದ ಕಥೆ ಎಲ್ಲರ ಮನೆಯಲ್ಲೂ ಒಂದಿರುತ್ತದೆ.

ಮೊದಲು ಆ ಜಮೀನು ಯಾವ ವಲಯದಲ್ಲಿದೆ ನೋಡಿ. ಕೃಷಿಗೆ ಮಾತ್ರ ಎಂಬ ವಲಯದಲ್ಲಿದ್ದರೆ ಸಾಮಾನ್ಯವಾಗಿ 80 ಎಕರೆಗಿಂತ ಸಣ್ಣದಾಗಿ ಒಡೆಯುವಂತಿಲ್ಲ. ನಮ್ಮ ಲೆಕ್ಕದಲ್ಲಿ 3,200 ಗುಂಟೆ. ಹುಲ್ಲುಗಾವಲಾದರೆ 160 ಎಕರೆ. ಹಳೆಯ ಐದೆಕರೆ ತುಂಡು ಸಿಕ್ಕಿತೆಂದುಕೊಳ್ಳಿ, ಮನೆ ಕಟ್ಟಲು ಹಕ್ಕು ತಾನಾಗಿ ಬರುವುದಿಲ್ಲ. ಉತ್ತಮ ದರ್ಜೆಯ ಮಣ್ಣಿನಲ್ಲಿ ರೈತನ ಮನೆ ಎಂದು ಕಟ್ಟಬೇಕಾದರೆ, ವರ್ಷಕ್ಕೆ 80,000 ಡಾಲರ್ ಒಟ್ಟು ಬೇಸಾಯದ ಆದಾಯ ಬಂದಿದೆಯೆಂದು ತೋರಿಸುವ ಪರೀಕ್ಷೆ ಇದೆ. ಹಿತ್ತಲಲ್ಲಿ ಮೆಂತ್ಯ ಬೆಳೆದರೆ ಸಾಲದು. ಕೃಷಿ ತೆರಿಗೆಯ ರಿಯಾಯಿತಿ ಕಳೆದುಕೊಂಡರೆ ಹಿಂದಿನ ಕೆಲವು ವರ್ಷಗಳ ವ್ಯತ್ಯಾಸವನ್ನೂ ಕಟ್ಟಬೇಕಾಗಬಹುದು. ನಗರ ಮೀಸಲಿನಲ್ಲಿದ್ದರೂ ಗಡಿಯೊಳಗೆ ಬರುವವರೆಗೆ ಸಣ್ಣ ತುಂಡುಗಳಾಗಿ ಒಡೆಯಲು ಬಿಡುವುದಿಲ್ಲ. ಗ್ರಾಮೀಣ ಮೀಸಲಾದರೆ ಮೊಮ್ಮಕ್ಕಳ ಕಾಲದ ಮಾತು.

ಹಿಲ್ಸ್‌ಬರೊದಲ್ಲಿ ನಮ್ಮವರು ನೂರಾರು ಜನ ದಿನವೂ ಗುರುತಿನ ಚೀಟಿ ತೋರಿಸಿ ಒಳಹೋಗುವ ಇಂಟೆಲ್‌ನ ರಾನ್ಲರ್ ಏಕರ್ಸ್ ಆವರಣ ಇದೆಯಲ್ಲ, ಆ ಹೆಸರು ಒಂದು ಸೋತ ಬಡಾವಣೆಯದು. ಸೌಕರ್ಯವಿಲ್ಲದ ಹೊಲದಲ್ಲಿ ಸಣ್ಣ ಸಣ್ಣ ನಿವೇಶನ ಮಾಡಿ ಮಾರಿದ್ದರು, ಮನೆಗಳು ಏಳಲಿಲ್ಲ. ತುಂಡುಗಳನ್ನೆಲ್ಲ ಮತ್ತೆ ಒಟ್ಟುಗೂಡಿಸಿದ ಮೇಲೆ ಕಾರ್ಖಾನೆ ಬಂತು.

ತನ್ನ ಹೊಲವನ್ನು ತಾನು ಮಾರಲಾಗದ ರೈತನಿಗೆ ಇದು ಅನ್ಯಾಯವಲ್ಲವೇ?

ಅನೇಕರಿಗೆ ಹಾಗನಿಸಿದೆ. ಈ ವ್ಯವಸ್ಥೆಯನ್ನೇ ತೆಗೆದುಹಾಕಲು 1976, 1978, 1982ರಲ್ಲಿ ಜನಮತಕ್ಕೆ ಹಾಕಿದರು, ಮೂರು ಬಾರಿಯೂ ಸೋತರು. 2004ರಲ್ಲಿ ಮಾತ್ರ ಗಾಳಿ ತಿರುಗಿತು. ನಿಯಮದಿಂದ ಜಮೀನಿನ ಬೆಲೆ ಇಳಿದಿದ್ದರೆ ಪರಿಹಾರ ಕೊಡಿ, ಇಲ್ಲವೇ ನಿಯಮ ಬಿಟ್ಟುಕೊಡಿ ಎಂಬ ಮೆಷರ್ 37 ಸುಮಾರು ಶೇಕಡಾ 61 ಮತಗಳಿಂದ ಗೆದ್ದಿತು. ಪರಿಹಾರಕ್ಕೆ ಸರ್ಕಾರದ ಬಳಿ ಹಣವಿಲ್ಲ, ನಿಯಮ ಬಿಟ್ಟುಕೊಟ್ಟರು. ಸಾವಿರಾರು ಅರ್ಜಿ ಬಂದವು, ತನ್ನ ಹೊಲದ ಪಕ್ಕ ನೂರು ಮನೆ ಏಳುತ್ತದೆಂದು ಗೊತ್ತಾದ ರೈತನೇ ಬೆಚ್ಚಿದ. 2007ರಲ್ಲಿ ಅದೇ ಜನ ಮೆಷರ್ 49 ಎಂಬುದಕ್ಕೆ ಮತ ಹಾಕಿ, ಬಹುತೇಕ ಅರ್ಜಿಗಳನ್ನು ಒಂದರಿಂದ ಮೂರು ಮನೆಗೆ ಇಳಿಸಿದರು. ಆದರೂ ಅಜ್ಜನ ಕಾಲದ ಜಮೀನಿನಲ್ಲಿ ಮಗಳಿಗೊಂದು ಮನೆ ಕಟ್ಟಿಕೊಡಲಾಗದ ಮುದುಕನ ಮಾತು ಕೇಳಿದಾಗ ನನ್ನ ಬಳಿ ಸಿದ್ಧ ಉತ್ತರವಿರುವುದಿಲ್ಲ.

ಬೇರೆ ರಾಜ್ಯಗಳಲ್ಲಿ?

ಕೆಂಟಕಿಯ ಲೆಕ್ಸಿಂಗ್ಟನ್ 1958ರಲ್ಲೇ ಇಂಥ ಗೆರೆ ಎಳೆದಿತ್ತು, ಆದರೆ ಅದು ಒಂದು ಊರಿನ ತೀರ್ಮಾನ. ಕೊಲಂಬಿಯಾ ನದಿಯಾಚೆಯ ವಾಷಿಂಗ್ಟನ್ ರಾಜ್ಯ 1990ರ ಕಾಯ್ದೆಯಿಂದ ವೇಗವಾಗಿ ಬೆಳೆಯುವ ಕೌಂಟಿಗಳಿಗೆ ಕಡ್ಡಾಯ ಮಾಡಿತು. ಟೆನ್ನೆಸಿ 1998ರಲ್ಲಿ ತನ್ನದೇ ಸಡಿಲ ಮಾದರಿ ತಂದಿತು.

ಬೆಂಗಳೂರಿನಲ್ಲಿ ಇದು ನಡೆಯುತ್ತಿತ್ತೇ?

ಕಾಗದದ ಮೇಲೆ ನಮ್ಮಲ್ಲೂ ಕಡಿಮೆಯೇನಿಲ್ಲ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದೆ, ಮಹಾಯೋಜನೆ ಇದೆ, ಹಸಿರು ವಲಯವೂ ಇದೆ. ಆದರೆ ಇಲ್ಲಿ ಇಡೀ ಊರು ಒಟ್ಟಾಗಿ ಲೆಕ್ಕ ಒಪ್ಪಿಸುತ್ತದೆ. ಅಲ್ಲಿ ಸರ್ವೆ ನಂಬರು ಒಂದೊಂದಾಗಿ ಭೂಪರಿವರ್ತನೆಗೆ ಅರ್ಜಿ ಹಾಕುತ್ತದೆ. ಇಲ್ಲಿ ಗೆರೆ ಮುಂದೆ, ಊರು ಹಿಂದೆ. ಅಲ್ಲಿ ಕಂದಾಯ ನಿವೇಶನ ಮುಂದೆ, ಗೆರೆ ಹಿಂದೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಾಡಿದಾಗ ಆ ಹಳ್ಳಿಗಳಲ್ಲಿ ಆಗಲೇ ಬಡಾವಣೆಗಳು ಎದ್ದಿದ್ದವು. ಅವುಗಳಿಗೆಂದು ರೂಪಿಸಿದ ಕಾವೇರಿ ಐದನೆಯ ಹಂತ, ದಿನಕ್ಕೆ 775 ದಶಲಕ್ಷ ಲೀಟರಿನದು, ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ ಟ್ಯಾಂಕರ್ ನೀರು ಕುಡಿದವರಿಗೆ ಡಮಾಸ್ಕಸ್ಸಿನ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

ವೀಸಾದ ಮೇಲಿರುವವರು, ಬಾಡಿಗೆ ಮನೆಯವರು ವಿಚಾರಣೆಯಲ್ಲಿ ಮಾತನಾಡಬಹುದೇ?

ಮಾತನಾಡಬಹುದು. ರಾಜ್ಯದ ಗುರಿಗಳಲ್ಲಿ ಮೊದಲನೆಯದೇ ಜನರ ಪಾಲ್ಗೊಳ್ಳುವಿಕೆ. ಮತ ಹಾಕಲು ಪೌರತ್ವ ಬೇಕು, ಮೈಕಿನ ಮುಂದೆ ನಿಲ್ಲಲು ಬೇಡ. ಹೆಸರು, ವಿಳಾಸ ಬರೆದು ಚೀಟಿ ಕೊಟ್ಟರೆ ಕರೆಯುತ್ತಾರೆ, ಸಾಮಾನ್ಯವಾಗಿ ಎರಡು ಮೂರು ನಿಮಿಷ. ಮಾತು ಬರದಿದ್ದರೆ ಪತ್ರ ಕಳಿಸಿ, ಅದಕ್ಕೂ ಅದೇ ತೂಕ. ಒಂದು ಎಚ್ಚರಿಕೆ: ತಕರಾರನ್ನು ಸ್ಥಳೀಯ ವಿಚಾರಣೆಯಲ್ಲೇ ಎತ್ತಬೇಕು. ಅಲ್ಲಿ ಸುಮ್ಮನಿದ್ದು ಆಮೇಲೆ ಮೇಲ್ಮನವಿಯಲ್ಲಿ ಹೊಸದಾಗಿ ಹೇಳಹೊರಟರೆ ಕೇಳುವುದಿಲ್ಲ. "ಟ್ರಾಫಿಕ್ ಹೆಚ್ಚಾಗುತ್ತದೆ" ಎನ್ನುವುದಕ್ಕಿಂತ "ನಿಮ್ಮ ಲೆಕ್ಕದಲ್ಲಿ ಎಕರೆಗೆ ಆರೇ ಮನೆ ಏಕೆ?" ಎನ್ನುವುದಕ್ಕೆ ಅಧಿಕಾರಿಗಳು ತಲೆಯೆತ್ತಿ ನೋಡುತ್ತಾರೆ. ನಮ್ಮ ತಂದೆ ಎರಡನೆಯ ಬಾರಿ ಬಂದಾಗ ಒಂದು ವಿಚಾರಣೆಗೆ ಕರೆದುಕೊಂಡು ಹೋಗಿದ್ದೆ. ಎರಡು ಗಂಟೆ ತಾಳ್ಮೆಯಿಂದ ಕೂತಿದ್ದು ಹೊರಗೆ ಬಂದ ಮೇಲೆ ಅವರು ಕೇಳಿದ್ದು ಒಂದೇ: "ಆ ಹೊಲದವನು ಬಂದಿದ್ದನೇ?" ಬಂದಿದ್ದ. ಮೂರನೆಯ ಸಾಲಿನಲ್ಲಿ, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ.